ಥಾಯ್ ಭೋಜನದ ತಟ್ಟೆ ಮತ್ತು ಹುಣಸೂರಿನ ಮಾರುಕಟ್ಟೆ

ವಿವಾಹ ವಾರ್ಷಿಕೋತ್ಸವ, ಹುಟ್ಟುಹಬ್ಬ, ಮಗಳಿಗೆ ದೊರೆತ ಉದ್ಯೋಗ, ಹೊಸ ಮಳಿಗೆಯ ಆರಂಭ ಮುಂತಾದ ಸಂದರ್ಭಗಳಲ್ಲಿ ಕುಟುಂಬ ಸಮೇತ ಹೊರಗೆ ಊಟ ಮಾಡುವ ರೂಢಿ ಮಹಾನಗರಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಎಚ್.ಡಿ. ಕೋಟೆಯ ಕುಟುಂಬಗಳೂ ಅಂತಹ ದಿನಗಳಲ್ಲಿ ಮೈಸೂರಿಗೆ ಹೋಗುತ್ತವೆ. ಮಕ್ಕಳು ಬೆಂಗಳೂರಿನಲ್ಲಿ ನೆಲೆಸಿದ್ದರೆ ಅಲ್ಲಿನ ಥಾಯ್ ಭೋಜನಶಾಲೆಯ ಮೆಟ್ಟಿಲನ್ನೂ ಹತ್ತುತ್ತವೆ. ಬಿಲ್ಲಿನ ಮೊತ್ತ ಕಂಡು ಹಿರಿಯರು ಹುಬ್ಬೇರಿಸುವುದು ಸಹಜ. ಆದರೆ ವ್ಯಾಪಾರ ಬಲ್ಲವರು ಬಿಲ್ಲಿಗಿಂತ ಮೊದಲು ತಟ್ಟೆಯನ್ನು ಪರಿಶೀಲಿಸುವುದು ಒಳಿತು.

ಆ ತಟ್ಟೆಯಲ್ಲಿರುವುದಾದರೂ ಏನು? 'ಪಾಡ್ ಥಾಯ್' ಎಂಬ ಪ್ರಸಿದ್ಧ ಖಾದ್ಯವು ಅಕ್ಕಿ ಶಾವಿಗೆಗೆ ಹುಣಸೆ ರಸ, ತಾಳೆಬೆಲ್ಲ ಮತ್ತು ಹುರಿದ ಕಡಲೆಕಾಯಿ ಬೀಜ ಸೇರಿಸಿ ತಯಾರಾಗುವಂಥದ್ದು. 'ಸೋಮ್ ತಮ್' ಎಂಬುದು ಹಸಿ ಪರಂಗಿಕಾಯಿಯ ಕೋಸಂಬರಿ. ಹಸಿರು ಕರಿಯ ಆಧಾರ ತೆಂಗಿನ ಹಾಲು ಮತ್ತು ಹಸಿಮೆಣಸಿನಕಾಯಿ. 'ತೋಮ್ ಯಮ್' ಸಾರಿಗೆ ಪರಿಮಳ ನೀಡುವುದು ಮಜ್ಜಿಗೆ ಹುಲ್ಲು. ಮೀನಿನ ರಸ ಮತ್ತು ಒಂದೆರಡು ಬಗೆಯ ಎಲೆ, ಬೇರುಗಳನ್ನು ಬಿಟ್ಟರೆ ಉಳಿದುದೆಲ್ಲವೂ ಹುಣಸೂರಿನ ಸುತ್ತಮುತ್ತ ಅಪರಿಚಿತವಲ್ಲ. ಊರಿನ ಹೆಸರೇ ಹುಣಸೆಯನ್ನು ನೆನಪಿಸುತ್ತದೆ. ಕೃಷ್ಣರಾಜನಗರ ಕಾವೇರಿ ನಾಲೆಗಳ ನೀರಿನಲ್ಲಿ ಭತ್ತ ಬೆಳೆಯುವ ನಾಡು. ಶುಂಠಿಯು ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಪ್ರಮುಖ ವಾಣಿಜ್ಯ ಬೆಳೆ.

ಹಾಗಿದ್ದರೂ ಸಂತೆಯಲ್ಲಿ ಕಿಲೋ ಲೆಕ್ಕದಲ್ಲಿ ಮಾರಾಟವಾಗುವ ಪದಾರ್ಥವು ಭೋಜನಶಾಲೆಯಲ್ಲಿ ತಟ್ಟೆಯ ಲೆಕ್ಕಕ್ಕೆ ಬರುವಾಗ ಅದರ ಬೆಲೆ ಹಲವು ಪಟ್ಟು ಏರಿರುತ್ತದೆ. ಈ ಅಂತರವು ಕೇವಲ ಬಾಡಿಗೆ ಮತ್ತು ಸಂಬಳದಿಂದ ಉಂಟಾದುದಲ್ಲ. ಗ್ರಾಹಕರು ಬೆಲೆ ತೆರುವುದು ಪಾಕವಿಧಾನಕ್ಕೆ, ಪ್ರತಿ ಬಾರಿಯೂ ಒಂದೇ ಬಗೆಯಾಗಿರುವ ರುಚಿಗೆ ಮತ್ತು ಆ ದಿನ ವಿಶೇಷವಾದುದೆಂಬ ಭಾವನೆಗೆ. ಕಚ್ಚಾ ಸರಕಿನ ವ್ಯಾಪಾರದಲ್ಲಿ ಈ ಮೂರಕ್ಕೂ ಬೆಲೆ ದೊರೆಯುವುದಿಲ್ಲ.

ಥಾಯ್ಲೆಂಡ್ ದೇಶವು ಈ ಸತ್ಯವನ್ನು ಬಹು ಹಿಂದೆಯೇ ಅರಿತಿತು. ಅಲ್ಲಿನ ಸರ್ಕಾರವು 2002ರಲ್ಲಿ 'ಗ್ಲೋಬಲ್ ಥಾಯ್' ಎಂಬ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಾಗ ಹೊರದೇಶಗಳಲ್ಲಿ ಸುಮಾರು 5,500 ಥಾಯ್ ಭೋಜನಶಾಲೆಗಳಿದ್ದವು. ಬಾಣಸಿಗರಿಗೆ ತರಬೇತಿ, ಹೂಡಿಕೆದಾರರಿಗೆ ಸಾಲ ಹಾಗೂ ಗುಣಮಟ್ಟ ಕಾಯ್ದುಕೊಂಡವರಿಗೆ ವಾಣಿಜ್ಯ ಸಚಿವಾಲಯದ 'ಥಾಯ್ ಸೆಲೆಕ್ಟ್' ಮುದ್ರೆ ದೊರೆತವು. ನಂತರದ ದಶಕದಲ್ಲಿ ಭೋಜನಶಾಲೆಗಳ ಸಂಖ್ಯೆ ಹತ್ತು ಸಾವಿರವನ್ನು ದಾಟಿತು. ಇದರ ಉದ್ದೇಶ ಊಟ ಬಡಿಸುವುದಷ್ಟೇ ಆಗಿರಲಿಲ್ಲ. ಅಕ್ಕಿ, ತೆಂಗಿನ ಹಾಲು, ಮಸಾಲೆ ಮುದ್ದೆ ಮತ್ತು ಮೀನಿನ ರಸದ ರಫ್ತಿಗೆ ಹಾಗೂ ಪ್ರವಾಸೋದ್ಯಮಕ್ಕೆ ಪ್ರತಿಯೊಂದು ಭೋಜನಶಾಲೆಯೂ ಒಂದು ಪ್ರದರ್ಶನ ಮಳಿಗೆಯಾಯಿತು. ಭಾರತ ಮತ್ತು ಆಸಿಯಾನ್ ರಾಷ್ಟ್ರಗಳ ಸರಕು ವ್ಯಾಪಾರ ಒಪ್ಪಂದ 2010ರ ಜನವರಿ 1ರಿಂದ ಜಾರಿಗೆ ಬಂದ ಬಳಿಕ ಸ್ಪರ್ಧೆ ಮತ್ತಷ್ಟು ಹತ್ತಿರ ಬಂದಿದೆ. ತೆಂಗು ಬೆಳೆಯುವ ಕರ್ನಾಟಕದ ಅಂಗಡಿಗಳಲ್ಲಿಯೂ ಥಾಯ್ಲೆಂಡಿನ ತೆಂಗಿನ ಹಾಲಿನ ಡಬ್ಬಿಗಳು ಮಾರಾಟವಾಗುತ್ತಿರುವುದು ಒಪ್ಪಂದವನ್ನು ದೂರಿ ಮುಗಿಸಬಹುದಾದ ವಿಷಯವಲ್ಲ.

ಈ ನಾಲ್ಕು ತಾಲ್ಲೂಕುಗಳಿಗೆ ಇದು ಬದುಕಿನ ಪ್ರಶ್ನೆ. ಇಲ್ಲಿನ ಹಣದ ಚಲಾವಣೆ ಬಹುಕಾಲದಿಂದ ತಂಬಾಕಿನ ಹರಾಜನ್ನು ಅವಲಂಬಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಯನ್ನು ಭಾರತವು 2004ರಲ್ಲಿಯೇ ಅನುಮೋದಿಸಿದ್ದು, ಆ ಬೆಳೆಯ ಭವಿಷ್ಯವನ್ನು ನೆಚ್ಚಿಕೊಂಡು ದೀರ್ಘಾವಧಿಯ ಯೋಜನೆ ಹಾಕುವುದು ಜಾಣತನವಲ್ಲ. ಇನ್ನು ಶುಂಠಿಯ ಕಥೆ ಸರ್ವವಿದಿತ. ಬೆಲೆ ಏರಿದ ವರ್ಷ ಎಲ್ಲರೂ ನಾಟಿ ಮಾಡುವರು; ಬೆಲೆ ಕುಸಿದ ವರ್ಷ ಗೇಣಿಯ ಹಣವೂ ಹುಟ್ಟದು. ಬೆಳೆಗಾರ ಸೋತ ವರ್ಷ ಗೊಬ್ಬರದ ಅಂಗಡಿಯಿಂದ ಬಟ್ಟೆ ಅಂಗಡಿಯವರೆಗೆ ಎಲ್ಲ ಖಾತೆಗಳಲ್ಲಿಯೂ ಬಾಕಿ ಬೆಳೆಯುತ್ತದೆ. ಹಸಿ ಸರಕನ್ನಷ್ಟೇ ಮಾರುವ ಊರಿನ ಹಣೆಬರಹವಿದು.

ಪರಿಹಾರಕ್ಕೆ ದೂರ ಹೋಗಬೇಕಿಲ್ಲ. ಹುಣಸೂರಿನಿಂದ ಸುಮಾರು 45 ಕಿ.ಮೀ. ದೂರದ ಮೈಸೂರಿನಲ್ಲಿ 1950ರಿಂದ ಕಾರ್ಯನಿರ್ವಹಿಸುತ್ತಿರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಹುಣಸೆ ಸಾರ, ತೆಂಗಿನ ಹಾಲಿನ ಪುಡಿ ಮೊದಲಾದವುಗಳ ತಯಾರಿಕೆಗೆ ತಂತ್ರಜ್ಞಾನವನ್ನು ರೂಪಿಸಿದೆ. ಕೊರತೆಯಿರುವುದು ಅದನ್ನು ಪಡೆದು ಘಟಕ ಸ್ಥಾಪಿಸುವ ಉದ್ಯಮಿಗಳದ್ದು.

ಭೋಜನಶಾಲೆಗಳಿಗೆ ಬೇಕಾಗುವ ಪ್ರಮಾಣ ಅಲ್ಪ, ಅದನ್ನು ನಂಬಿ ಘಟಕ ಹಾಕುವುದು ಹೇಗೆ ಎಂಬ ಆಕ್ಷೇಪ ಬರಬಹುದು. ಥಾಯ್ ಅಡುಗೆಮನೆಯೊಂದನ್ನೇ ನಂಬಿದರೆ ಈ ಆಕ್ಷೇಪ ನಿಜ. ಆದರೆ ಹುಣಸೆ ಸಾರ, ಶುಂಠಿ ಮುದ್ದೆ, ತೆಂಗಿನ ಹಾಲುಗಳು ದರ್ಶಿನಿಗೂ ಬೇಕು, ಛತ್ರದ ಅಡುಗೆಯವರಿಗೂ ಬೇಕು. ಥಾಯ್ ಭೋಜನಶಾಲೆಯು ಅವುಗಳ ಪೈಕಿ ಅತಿ ಕಟ್ಟುನಿಟ್ಟಿನ ಗಿರಾಕಿ; ಅದರ ಅಡುಗೆಮನೆಯಲ್ಲಿ ಒಪ್ಪಿಗೆಯಾದ ಸರಕು ಬೇರೆಡೆಯೂ ಸಲ್ಲುತ್ತದೆ. ಬೆಲೆ ನಿಗದಿ ಮಾಡುವಾಗ ಒಂದು ಅಂಶವನ್ನು ಮರೆಯಬಾರದು. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳು ಶೇ. 5ರಷ್ಟು ಜಿಎಸ್‌ಟಿ ವಿಧಿಸುತ್ತಿದ್ದು, ಅವುಗಳಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಆದುದರಿಂದ ಸಂಸ್ಕರಿಸಿದ ಪದಾರ್ಥದ ಮೇಲಿನ ತೆರಿಗೆ ಅವುಗಳ ಪಾಲಿಗೆ ಪೂರ್ಣ ಖರ್ಚೇ.

ಹೊರನಾಡಿನ ಊಟವನ್ನು ತಾಲ್ಲೂಕು ಮಟ್ಟದಲ್ಲಿ ಮಾರಲಾಗದು ಎಂಬ ನಂಬಿಕೆಗೂ ಆಧಾರವಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ನೆಲೆಸಿದ ಟಿಬೆಟಿಯನ್ನರ ಮೊಮೊ ಮತ್ತು ತುಕ್ಪಾ ಇಂದು ಸ್ವರ್ಣ ಮಂದಿರ ನೋಡಲು ಬರುವ ಪ್ರವಾಸಿಗರ ತಿಂಡಿಯಾಗಿದೆ. ಅಲ್ಲಿಯೂ ಊಟವು ಊರಿನ ಗುರುತಿನೊಡನೆ ಸೇರಿ ಮಾರಾಟವಾಗುತ್ತದೆ.

ಥಾಯ್ ಊಟದಿಂದ ಕಲಿಯಬೇಕಾದ ಇನ್ನೊಂದು ಪಾಠ ನಂಬಿಕೆಯದು. ತರಕಾರಿಯೆಂದು ಕಾಣುವ ಥಾಯ್ ಖಾದ್ಯದಲ್ಲಿಯೂ ಮೀನಿನ ರಸ ಅಥವಾ ಸಿಗಡಿಯ ಮುದ್ದೆ ಇರಬಹುದು. ಸಸ್ಯಾಹಾರಿ ಕುಟುಂಬವೊಂದು ವಿಶೇಷ ದಿನದಂದು ಬಂದು, ಕೇಳಿ, ಸ್ಪಷ್ಟ ಉತ್ತರ ಪಡೆಯದಿದ್ದರೆ ಮತ್ತೆ ಆ ಬಾಗಿಲಿಗೆ ಬರಲಾರದು. ಸಸ್ಯಾಹಾರಿ ಮುದ್ದೆಯನ್ನು ಪ್ರತ್ಯೇಕ ಪಾತ್ರೆಗಳಲ್ಲಿ ತಯಾರಿಸಿ, ಪೊಟ್ಟಣದ ಮೇಲೆ ಘಟಕಾಂಶಗಳನ್ನೆಲ್ಲ ಪ್ರಾಮಾಣಿಕವಾಗಿ ಮುದ್ರಿಸುವ ಸಣ್ಣ ಉದ್ಯಮಿಗೆ ಕರ್ನಾಟಕದಲ್ಲಿ ಇದಕ್ಕಿಂತ ಉತ್ತಮ ಅವಕಾಶ ಬೇರೊಂದಿರಲಾರದು.

ಆದುದರಿಂದ ತಾಲ್ಲೂಕಿನ ವರ್ತಕರು ಒಬ್ಬೊಬ್ಬರೇ ಮುಂದಾಗುವ ಬದಲು ನಾಲ್ಕಾರು ಮಂದಿ ಕೂಡಿ, ಒಂದು ಪದಾರ್ಥವನ್ನು ಆರಿಸಿಕೊಂಡು, ಮೈಸೂರಿನ ಹತ್ತು ಅಡುಗೆಮನೆಗಳಿಗೆ ಮಾದರಿ ಒಯ್ದು ಅಭಿಪ್ರಾಯ ಪಡೆಯುವುದು ಮೊದಲ ಹೆಜ್ಜೆಯಾಗಬೇಕು. ಯಂತ್ರ, ಸಾಲ, ಕಟ್ಟಡಗಳು ಅನಂತರದ ಮಾತು. ಹುಣಸೂರಿನ ಕುಟುಂಬವು ಸಂಭ್ರಮದ ದಿನದಂದು ಥಾಯ್ ಊಟಕ್ಕೆ ವ್ಯಯಿಸುವ ಹಣವನ್ನು ತಡೆಯುವ ಅಗತ್ಯವಿಲ್ಲ. ಅದರಲ್ಲೊಂದು ಪಾಲು ಹುಣಸೂರಿಗೆ ಮರಳಿ ಬರುವ ದಾರಿಯನ್ನು ನಿರ್ಮಿಸುವುದು ವರ್ತಕರ ಕೈಯಲ್ಲಿದೆ.