ಪುಟ್ಟ ಕಾರೂ ತಿರುಪುಳಿಯೂ

ರೇಡಿಯೋ ಅಲೆಗಳಿಂದ ದೂರದಲ್ಲಿಯೇ ನಿಂತು ನಡೆಸಬಹುದಾದ ಪುಟ್ಟ ಕಾರೊಂದನ್ನು ಕೊಳ್ಳಬೇಕೆಂಬ ಆಸೆ ಎಷ್ಟೋ ವಿದ್ಯಾರ್ಥಿಗಳಿಗೆ ಉಂಟು. ಅದಕ್ಕಾಗಿ ತಿಂಗಳುಗಟ್ಟಲೆ ಹಣ ಕೂಡಿಡುವವರೂ ಉಂಟು. ಆದರೆ ಅಂಗಡಿಯಲ್ಲಿ ಅವರು ಮೊದಲು ಕೇಳುವ ಪ್ರಶ್ನೆ, “ಇದರ ವೇಗವೆಷ್ಟು?” ಎಂಬುದು. ನನ್ನ ಅಭಿಪ್ರಾಯದಲ್ಲಿ ಅದು ಕಟ್ಟಕಡೆಗೆ ಕೇಳತಕ್ಕ ಪ್ರಶ್ನೆ. ಮೊದಲು ಕೇಳತಕ್ಕದ್ದು, “ಮುಂಚಕ್ರವನ್ನು ಹಿಡಿದಿರುವ ತೋಳು ಮುರಿದರೆ ಅದೊಂದೇ ಬೇರೆ ದೊರೆಯುವುದೇ? ಬೆಲೆ ಎಷ್ಟು?” ಎಂದು.

ಆಟಿಕೆಯ ಕಾರಿಗೂ ಹವ್ಯಾಸಿಗಳ ಕಾರಿಗೂ ಇರುವ ಮುಖ್ಯ ಭೇದವೇ ಇದು. ಆಟಿಕೆಯಲ್ಲಿ ಒಂದು ಭಾಗ ಕೆಟ್ಟರೆ ಸಾಮಾನ್ಯವಾಗಿ ಇಡೀ ಕಾರು ಮೂಲೆಗೆ ಬೀಳುತ್ತದೆ. ಹವ್ಯಾಸಿಗಳ ಕಾರಿನಲ್ಲಾದರೋ ಮೋಟಾರು, ಅದಕ್ಕೆ ವಿದ್ಯುತ್ತನ್ನು ಅಳೆದು ಕೊಡುವ ವೇಗನಿಯಂತ್ರಕ, ಮುಂಚಕ್ರಗಳನ್ನು ಹೊರಳಿಸುವ ಸರ್ವೋ, ಹಲ್ಲುಚಕ್ರಗಳು ಎಲ್ಲವೂ ಬಿಡಿಬಿಡಿಯಾಗಿವೆ. ಕೆಟ್ಟುದನ್ನು ಮಾತ್ರ ಬದಲಿಸಿದರೆ ಸಾಕು.

ಜಪಾನಿನ ತಮಿಯಾ ಸಂಸ್ಥೆಯು 1984ರಲ್ಲಿ ಹೊರತಂದ ‘ಗ್ರಾಸ್‌ಹಾಪರ್’ ಎಂಬ ಕಾರನ್ನು ಕೊಂಡವನೇ ಜೋಡಿಸಬೇಕಾಗಿತ್ತು. ಅದಕ್ಕಿಂತ ವೇಗದ ಕಾರುಗಳು ಬಹಳ ಬಂದವು. ಆದರೂ 2005ರಲ್ಲಿ ಅದನ್ನು ಪುನಃ ಮಾರಾಟಕ್ಕೆ ತಂದರು. ಇಂಥ ಕಾರನ್ನು ಕೈಯಾರೆ ಜೋಡಿಸಿದವನಿಗೆ ಡಿಫರೆನ್ಷಿಯಲ್ ಏಕೆ ಬೇಕೆಂಬುದನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ತಿರುವಿನಲ್ಲಿ ಹೊರಗಿನ ಚಕ್ರವು ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕೆಂಬುದನ್ನು ಅವನ ಬೆರಳುಗಳೇ ಅರಿತಿರುತ್ತವೆ.

ಇನ್ನು ವೇಗದ ಮಾತು. ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಗೋಡೆಗೆ ಬಡಿಯುವ ಕಾರಿಗೆ, ಸುಮಾರು 1.6 ಮೀಟರು ಎತ್ತರದಿಂದ ನೆಲಕ್ಕೆ ಬಿದ್ದಷ್ಟು ಪೆಟ್ಟು. ವೇಗ 60 ಕಿಲೋಮೀಟರಾದರೆ ಆ ಎತ್ತರ 14 ಮೀಟರು! ವೇಗ ಮೂರು ಮಡಿಯಾದಾಗ ಚಲನಶಕ್ತಿ ಒಂಬತ್ತು ಮಡಿಯಾಗುವುದೆಂದು ನಾವು ತರಗತಿಯಲ್ಲಿ ಕಲಿತಿದ್ದೇವಷ್ಟೆ. ಎದುರಿಗೆ ಗೋಡೆಯ ಬದಲು ಮಗುವೊಂದರ ಕಾಲಿದ್ದರೆ ಗತಿಯೇನು?

ಬ್ಯಾಟರಿಯಲ್ಲಿಯೂ ಇದೇ ವಿವೇಕ ಬೇಕು. ಲಿಥಿಯಂ-ಪಾಲಿಮರ್ ಬ್ಯಾಟರಿ ಹಗುರ, ಬಲಶಾಲಿ. ಆದರೆ ಅದರ ಒಂದೊಂದು ಕೋಶವನ್ನೂ 4.2 ವೋಲ್ಟಿಗಿಂತ ಮೇಲೆ ತುಂಬಿದರೆ, ಅಥವಾ ಅದು ಜಜ್ಜಿದರೆ, ಬೆಂಕಿ ಹತ್ತುವ ಅಪಾಯವುಂಟು. 1.2 ವೋಲ್ಟಿನ ಆರು ಕೋಶಗಳುಳ್ಳ ನಿಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿ ಭಾರವಾದರೂ ಸಹನೆಯುಳ್ಳದ್ದು. ಮೊದಲ ಕಾರಿಗೆ ಅದೇ ಲೇಸು.

“ಪರೀಕ್ಷೆಗಳ ನಡುವೆ ಜೋಡಿಸುತ್ತ ಕೂರಲು ಬಿಡುವೆಲ್ಲಿ? ಸಿದ್ಧವಾದ ಕಾರನ್ನೇ ಕೊಂಡರಾಗದೆ?” ಎಂದು ಕೆಲವರು ಕೇಳಬಹುದು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಬಿಡಿಭಾಗಗಳ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಪ್ರೇಷಕ, ಗ್ರಾಹಕ, ಸರ್ವೋ, ಬ್ಯಾಟರಿ, ಚಾರ್ಜರುಗಳು ಇರುವುದಿಲ್ಲ; ಅವುಗಳ ಬೆಲೆಯನ್ನೂ ಕೂಡಿಸದೆ ಹೊರಟರೆ ಕಾರು ಅರ್ಧಕ್ಕೇ ನಿಂತೀತು. ಆದರೆ ಸಿದ್ಧ ಕಾರೂ ಒಂದು ದಿನ ಮುರಿಯುವುದು ನಿಶ್ಚಯ. ಆಗ ಅದನ್ನು ಎಂದೂ ಬಿಚ್ಚಿ ನೋಡದವನು ಅಂಗಡಿಗೆ ಓಡಬೇಕು. ಜೋಡಿಸಿದವನು ತಿರುಪುಳಿ ಹಿಡಿದು ಕೂರುತ್ತಾನೆ.

ತಂದೆತಾಯಂದಿರ ಹಣಕ್ಕೆ ಒಂದು ಸಂಜೆಯ ಓಟ ಪ್ರತಿಫಲವಾಗಬೇಕೋ, ಬಹುಕಾಲ ಉಳಿಯುವ ಕೈಯರಿವು ಪ್ರತಿಫಲವಾಗಬೇಕೋ ಎಂಬುದನ್ನು ತರುಣ ಮಿತ್ರರೇ ನಿರ್ಧರಿಸಲಿ. ನಿಧಾನವಾಗಿ ಓಡುವ, ಆದರೆ ಬಿಚ್ಚಿ ಮತ್ತೆ ಕಟ್ಟಬಹುದಾದ ಕಾರಿಗೇ ನನ್ನ ಮತ.