ದಡಕ್ಕೆ ಕಟ್ಟಿದ ಹಡಗು ಹೊಗೆ ಬಿಡುವುದಿಲ್ಲವೇ?

ಬಂದರು ತಲುಪಿ ಹಗ್ಗ ಕಟ್ಟಿದ ಮೇಲೆ ಹಡಗಿನ ಎಂಜಿನ್ ಆಫ್ ಆಗುತ್ತದೆ, ಅಲ್ಲಿಗೆ ಮಾಲಿನ್ಯವೂ ನಿಲ್ಲುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಇದು ಅರ್ಧ ಸತ್ಯ ಮಾತ್ರ. ಹಡಗನ್ನು ಓಡಿಸುವ ಮುಖ್ಯ ಎಂಜಿನ್ ನಿಲ್ಲುವುದು ನಿಜ. ಆದರೆ ದೀಪ, ಪಂಪು, ಅಡುಗೆಮನೆ, ಶೀತಲ ಕಂಟೇನರ್‌ಗಳಿಗೆಲ್ಲ ವಿದ್ಯುತ್ ಬೇಕು. ಅದಕ್ಕಾಗಿ ಹಡಗಿನಲ್ಲಿರುವ ಸಹಾಯಕ ಡೀಸೆಲ್ ಎಂಜಿನ್‌ಗಳು ಹಗಲಿರುಳೂ ಓಡುತ್ತಿರುತ್ತವೆ.

ನಡುಗಡಲಿನಲ್ಲಿ ಬಿಟ್ಟ ಹೊಗೆ ಜನವಸತಿಯಿಂದ ದೂರವಿರುತ್ತದೆ. ಬಂದರಿನಲ್ಲಿ ಬಿಟ್ಟದ್ದು ಹಾಗಲ್ಲ. ಅದರಲ್ಲಿರುವ ಸೂಕ್ಷ್ಮ ಕಣಗಳು, ನೈಟ್ರೋಜನ್ ಮತ್ತು ಗಂಧಕದ ಆಕ್ಸೈಡ್‌ಗಳು ಬಂದರಿನ ಕಾರ್ಮಿಕರ ಹಾಗೂ ಸುತ್ತಲಿನ ನಿವಾಸಿಗಳ ಶ್ವಾಸಕೋಶ ಸೇರುತ್ತವೆ.

ಮೊದಲ ಪರಿಹಾರ ಇಂಧನವನ್ನು ಶುದ್ಧಗೊಳಿಸುವುದು. 2020ರ ಜನವರಿಯಿಂದ ಜಗತ್ತಿನಾದ್ಯಂತ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ. 3.5ರಿಂದ ಶೇ. 0.5ಕ್ಕೆ ಇಳಿದಿದೆ. ಯುರೋಪಿಯನ್ ಒಕ್ಕೂಟದ ಬಂದರುಗಳಲ್ಲಿ ನಿಂತ ಹಡಗುಗಳಿಗೆ 2010ರಿಂದಲೇ ಶೇ. 0.1ರ ಮಿತಿ ಇದೆ.

ಎರಡನೆಯದು ‘ಶೋರ್ ಪವರ್’. ದಡದಿಂದ ದಪ್ಪ ಕೇಬಲ್ ಎಳೆದು ಹಡಗಿಗೆ ವಿದ್ಯುತ್ ಕೊಟ್ಟರೆ ಈ ಸಹಾಯಕ ಎಂಜಿನ್‌ಗಳನ್ನೂ ಆಫ್ ಮಾಡಬಹುದು. ಲಾಸ್ ಏಂಜಲೀಸ್ ಬಂದರಿನಲ್ಲಿ ಕಂಟೇನರ್ ಹಡಗುಗಳಿಗೆ 2004ರಲ್ಲೇ ಈ ಸೌಲಭ್ಯ ಬಂತು. ಯುರೋಪಿನ ಪ್ರಮುಖ ಬಂದರುಗಳಲ್ಲಿ ದೊಡ್ಡ ಕಂಟೇನರ್ ಮತ್ತು ಪ್ರಯಾಣಿಕ ಹಡಗುಗಳಿಗೆ 2030ರಿಂದ ಇದು ಕಡ್ಡಾಯವಾಗಲಿದೆ. ಭಾರತವೂ 2023ರಲ್ಲಿ ಪ್ರಕಟಿಸಿದ ‘ಹರಿತ್ ಸಾಗರ್’ ಮಾರ್ಗಸೂಚಿಯಲ್ಲಿ ಇದನ್ನು ಸೇರಿಸಿದೆ. ನವ ಮಂಗಳೂರು ಸೇರಿದಂತೆ ದೇಶದ ಪ್ರಮುಖ ಬಂದರುಗಳು ಇದರ ವ್ಯಾಪ್ತಿಗೆ ಬರುತ್ತವೆ.

ಹಾಗಾದರೆ ಎಲ್ಲ ಕಡೆ ಏಕಿಲ್ಲ? ನಮ್ಮ ವಿದ್ಯುತ್ ಜಾಲ 50 ಹರ್ಟ್ಸ್‌ನದು, ಅನೇಕ ಹಡಗುಗಳದ್ದು 60 ಹರ್ಟ್ಸ್. ಇದನ್ನು ಹೊಂದಿಸುವ ಪರಿವರ್ತಕಗಳು ದುಬಾರಿ. ಬಂದರು ಖರ್ಚು ಮಾಡಿದರೂ ಹಡಗಿನಲ್ಲಿ ಜೋಡಿಸುವ ಸಲಕರಣೆ ಇಲ್ಲದಿದ್ದರೆ ಕೇಬಲ್ ವ್ಯರ್ಥ. ಹಡಗಿನವರು ಬಂದರಿನವರನ್ನು ಕಾಯುತ್ತಾರೆ, ಬಂದರಿನವರು ಹಡಗಿನವರನ್ನು. ಹೀಗಾಗಿ ಕಾನೂನು ಬರುವವರೆಗೆ ಕೆಲಸ ನಿಧಾನವಾಗುತ್ತದೆ.

ಕಲ್ಲಿದ್ದಲಿನ ವಿದ್ಯುತ್ತನ್ನೇ ಕೊಟ್ಟರೆ ಏನು ಬಂತು ಎಂಬ ಪ್ರಶ್ನೆಯೂ ಸರಿಯೇ. ಬಂದರಿನ ಗಾಳಿಗೆ ಖಂಡಿತ ಲಾಭವಿದೆ, ಆದರೆ ಇಂಗಾಲದ ಲೆಕ್ಕದಲ್ಲಿ ಹೆಚ್ಚು ಉಳಿಯುವುದಿಲ್ಲ. ಸೌರ, ಪವನ ವಿದ್ಯುತ್ ಜೊತೆಗೂಡಿದಾಗಲೇ ಎರಡೂ ಲಾಭ ದಕ್ಕುತ್ತವೆ.

ಬಂದರೊಂದು ‘ಹಸಿರು’ ಎಂದು ಹೇಳಿಕೊಂಡಾಗ, ನೆಟ್ಟ ಗಿಡಗಳ ಸಂಖ್ಯೆಗಿಂತ ಮೊದಲು ಕೇಳಬೇಕಾದದ್ದು ಇದು: ಬಂದ ಹಡಗುಗಳಲ್ಲಿ ಎಷ್ಟು ಎಂಜಿನ್ ಆರಿಸಿ ನಿಂತಿದ್ದವು?