ಗಾಡಿ ಎತ್ತರಿಸುವ ಮೊದಲು ತೂಕ ಹಾಕಿಸಿ

ದಪ್ಪ ಹಲ್ಲಿನ ಟೈರು, ಮುಂದೆ ಕಬ್ಬಿಣದ ಬಂಪರ್, ಅದರಲ್ಲೊಂದು ವಿಂಚ್, ಮೇಲೆ ಮಡಚಿಟ್ಟ ಟೆಂಟ್, ಹಿಂದೆ ಫ್ರಿಜ್ಜು, ಒಲೆ, ನೀರಿನ ಟ್ಯಾಂಕ್. ಇಂಥದ್ದೊಂದು ಪಿಕ್‌ಅಪ್ ಹೊಳೆ ದಾಟುವ ರೀಲ್ಸ್ ಕಣ್ಣಿಗೆ ಬೀಳದ ದಿನವಿಲ್ಲ. ಊಟ, ನಿದ್ದೆ ಎಲ್ಲವನ್ನೂ ಗಾಡಿಯಲ್ಲೇ ಹೊತ್ತುಕೊಂಡು ಡಾಂಬರು ಮುಗಿದಲ್ಲಿಂದ ಮುಂದಕ್ಕೆ ಹೋಗುವ ‘ಓವರ್‌ಲ್ಯಾಂಡಿಂಗ್’ ನನ್ನ ವಯಸ್ಸಿನವರ ಹೊಸ ಕನಸು. ಇಸುಜು ವಿ-ಕ್ರಾಸ್ 2016ರಲ್ಲಿ, ಟೊಯೊಟ ಹೈಲಕ್ಸ್ 2022ರಲ್ಲಿ ನಮ್ಮ ಮಾರುಕಟ್ಟೆಗೆ ಬಂದವು. ಪಿಕ್‌ಅಪ್ ಎಂದರೆ ತರಕಾರಿ ಸಾಗಿಸುವ ಗಾಡಿ ಮಾತ್ರ ಎನ್ನುವ ಕಾಲ ಹೋಯಿತು.

ನಾನು ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಹಾಸನ ಜಿಲ್ಲೆಯ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತೇನೆ. ಜೀಪು, ಪಿಕ್‌ಅಪ್‌ಗಳೇ ನನ್ನ ಅನ್ನ. ಹಾಗಾಗಿ ನನ್ನ ತಕರಾರು ಈ ಕನಸಿನ ಮೇಲಲ್ಲ, ಅದನ್ನು ನಾವು ಕಟ್ಟುತ್ತಿರುವ ಕ್ರಮದ ಮೇಲೆ. ಮೊದಲು ಸಾಮಾನು ಏರಿಸುತ್ತೇವೆ, ಆಮೇಲೆ ಗಾಡಿ ಕುಸಿಯಿತೆಂದು ಸ್ಪ್ರಿಂಗ್ ಬದಲಿಸುತ್ತೇವೆ, ಆಮೇಲೆ ಬ್ರೇಕ್ ಹಿಡಿಯುತ್ತಿಲ್ಲ ಎಂದು ಗೊಣಗುತ್ತೇವೆ. ತೂಕ ಎಷ್ಟಾಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಲೆಕ್ಕ ಹೇಳಲಾಗದ ಮಾಡಿಫಿಕೇಶನ್ ಬರೀ ಅಲಂಕಾರ. ಆ ಲೆಕ್ಕ ಹೇಳಬಲ್ಲ ಹುಡುಗ ಹುಡುಗಿಯರಿಗೆ ಇದರಲ್ಲಿ ಒಳ್ಳೆಯ ಉದ್ಯೋಗವೂ ಇದೆ. ನಾನು ಹೇಳಹೊರಟಿರುವುದು ಇಷ್ಟೇ.

ಲೆಕ್ಕ ಕಷ್ಟದ್ದಲ್ಲ. ಗಾಡಿಯ ಖಾಲಿ ತೂಕ ಎಷ್ಟು, ತುಂಬಿದಾಗ ಇರಬಹುದಾದ ಗರಿಷ್ಠ ತೂಕ ಎಷ್ಟು ಎಂಬುದನ್ನು ತಯಾರಕರೇ ಹೇಳಿರುತ್ತಾರೆ. ಇವೆರಡರ ನಡುವಿನ ಅಂತರವೇ ನಿಮ್ಮ ಪಾಲಿನ ಬಜೆಟ್. ಅದು 500 ಕೆ.ಜಿ. ಎಂದಿಟ್ಟುಕೊಳ್ಳೋಣ. ತಲಾ 70 ಕೆ.ಜಿ.ಯ ನಾಲ್ವರು ಕುಳಿತರೆ 280 ಹೋಯಿತು. ಗಾಡಿಯ ಮೇಲಿನ ಟೆಂಟ್ ಸುಮಾರು 60, ಉಕ್ಕಿನ ಬಂಪರ್ 60, ಉಕ್ಕಿನ ಹಗ್ಗದ ವಿಂಚ್ 40, 60 ಲೀಟರ್ ನೀರು ಎಂದರೆ ಮತ್ತೆ 60. ಇಲ್ಲಿಗೇ 500 ಮುಗಿಯಿತು. ಇನ್ನೂ ಎರಡನೇ ಬ್ಯಾಟರಿ, ಫ್ರಿಜ್ಜು, ಹೆಚ್ಚುವರಿ ಡೀಸೆಲ್, ಟೂಲ್ಸ್, ಅಕ್ಕಿ, ಹಾಸಿಗೆ ಯಾವುದೂ ಒಳಗೆ ಬಂದಿಲ್ಲ! ರೀಲ್ಸ್‌ನಲ್ಲಿ ಕಾಣುವ ಗಾಡಿಗಳನ್ನು ಈ ಲೆಕ್ಕದಲ್ಲಿ ಒಮ್ಮೆ ಕೂಡಿಸಿ ನೋಡಿ.

ತೂಕ ಎಷ್ಟು ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಪಿಕ್‌ಅಪ್‌ನ ತೊಟ್ಟಿ ಹಿಂದಿನ ಆಕ್ಸಲ್ ದಾಟಿ ಹಿಂದಕ್ಕೆ ಚಾಚಿರುತ್ತದೆ. ಅಲ್ಲಿ ತೂಕ ನೇತುಹಾಕಿದರೆ ಮಕ್ಕಳ ಏತದ ಆಟದಂತೆ ಗಾಡಿಯ ಮೂತಿ ಹಗುರವಾಗುತ್ತದೆ, ಸ್ಟೀರಿಂಗ್ ಹಿಡಿತ ಸಡಿಲವಾಗುತ್ತದೆ. ಹಾಗೇ ಗುಂಡಿಗಳ ದಾರಿಯಲ್ಲಿ ಓಡಿಸಿದರೆ ಚಾಸಿಯೇ ಬಾಗಬಹುದು. ಮೇಲ್ಗಡೆ ಏರಿಸಿದ ತೂಕವಂತೂ ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ವಾಲಿಸುತ್ತದೆ. ಗಾಡಿ ಶೇ 20ರಷ್ಟು ಭಾರವಾದರೆ, ಅದೇ ವೇಗದಿಂದ ನಿಲ್ಲಿಸಲು ಬ್ರೇಕ್ ಶೇ 20ರಷ್ಟು ಹೆಚ್ಚು ಶಕ್ತಿಯನ್ನು ಶಾಖವಾಗಿ ಕರಗಿಸಬೇಕು. ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಮೂಗಿಗೆ ಬಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನು ಎಲ್ಲರೂ ಮೊದಲು ಕೇಳುವುದು ಲಿಫ್ಟ್ ಕಿಟ್. ಸ್ಪ್ರಿಂಗ್ ಎತ್ತರಿಸಿದರೆ ಗಾಡಿ ಎಲ್ಲಿಗೆ ಬೇಕಾದರೂ ಹೋಗುತ್ತದೆ ಎಂಬ ನಂಬಿಕೆ. ನಿಜವೇನು? ಲೀಫ್ ಸ್ಪ್ರಿಂಗಿನ ಪಿಕ್‌ಅಪ್‌ನಲ್ಲಿ ಹಿಂದಿನ ಆಕ್ಸಲ್ ಒಂದೇ ಗಟ್ಟಿ ತೊಲೆ. ಅದರ ನಡುವಿನ ಡಿಫರೆನ್ಷಿಯಲ್ಲೇ ಸಾಮಾನ್ಯವಾಗಿ ನೆಲಕ್ಕೆ ಅತಿ ಹತ್ತಿರ ಇರುವ ಭಾಗ, ಕಲ್ಲಿಗೆ ತಗಲುವುದೂ ಅದೇ. ಸ್ಪ್ರಿಂಗ್ ಎಷ್ಟೇ ಎತ್ತರಿಸಿ, ಮೇಲೇಳುವುದು ಬಾಡಿ ಮಾತ್ರ, ಆಕ್ಸಲ್ ಅಲ್ಲ. ಅದನ್ನು ಎತ್ತುವುದು ದೊಡ್ಡ ಟೈರ್ ಒಂದೇ. ಅದೂ ಟೈರಿನ ವ್ಯಾಸ 50 ಮಿ.ಮೀ. ಹೆಚ್ಚಿದರೆ ಆಕ್ಸಲ್ ಏರುವುದು ಬರೀ 25 ಮಿ.ಮೀ. ಟೈರ್ ದೊಡ್ಡದಾದಷ್ಟೂ ಎಂಜಿನ್ ಎಳೆತ ಕುಗ್ಗುತ್ತದೆ, ಬ್ರೇಕಿನ ಹಿಡಿತ ಇಳಿಯುತ್ತದೆ, ಸ್ಪೀಡೊಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಬಾಡಿ ಎತ್ತರಿಸುವುದರಿಂದ ದಿಬ್ಬ ಹತ್ತಿಳಿಯುವಾಗ ಮೂತಿ, ಹೊಟ್ಟೆ ತಗಲುವುದು ತಪ್ಪುತ್ತದೆ, ನಿಜ. ಆದರೆ ಅತಿಯಾದರೆ ಮುಂದಿನ ಡ್ರೈವ್ ಶಾಫ್ಟ್ ಜಾಯಿಂಟುಗಳು ಓರೆಯಾಗಿ ಬೇಗ ಸವೆಯುತ್ತವೆ. ಇಷ್ಟೆಲ್ಲ ತಿಳಿದ ಮೇಲೂ ಬೇಕೆನಿಸಿದರೆ ಹಾಕಿಸಿ. ಕೊಡುವುದೇನು, ಕಳೆದುಕೊಳ್ಳುವುದೇನು ಎಂಬುದು ಗೊತ್ತಿದ್ದರೆ ಅದು ನಿರ್ಧಾರ, ಇಲ್ಲದಿದ್ದರೆ ಶೋಕಿ.

ಇದನ್ನು ನಮ್ಮೂರಿನ ಕಡೆಯ ಜೀಪ್ ಚಾಲಕರಿಂದ ಕಲಿಯಬೇಕು. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಜನರನ್ನು ಹತ್ತಿಸುವವರ ಗಾಡಿ ನೋಡಿ. ಮೇಲೆ ಟೆಂಟ್ ಇಲ್ಲ, ಎದುರಿಗೆ ಸಾಲು ದೀಪಗಳಿಲ್ಲ. ಕಲ್ಲಿನ ಏರಿನಲ್ಲಿ ಲೋ ಗೇರ್ ಹಾಕಿ, ಆಕ್ಸಿಲರೇಟರ್ ಒತ್ತದೆ, ಯಾವ ಚಕ್ರ ಯಾವ ಕಲ್ಲಿನ ಮೇಲೆ ಹೋಗಬೇಕೆಂದು ಆರಿಸಿಕೊಂಡು ನಡೆಸುತ್ತಾರೆ. ಕಾಫಿ ತೋಟದವರು ಮಳೆಗಾಲದ ಕೆಸರಿಗೆ ಟೈರಿಗೆ ಚೈನ್ ಕಟ್ಟುತ್ತಾರೆ, ಕೆಸರು ದಾಟಿದ ಮೇಲೆ ಬಿಚ್ಚಿಡುತ್ತಾರೆ. ಬೇಕಾದಾಗ ಕಟ್ಟು, ಬೇಡವಾದಾಗ ಬಿಚ್ಚು. ಇದಕ್ಕಿಂತ ಜಾಣ ಮಾಡಿಫಿಕೇಶನ್ ನನಗಂತೂ ಗೊತ್ತಿಲ್ಲ. ‘ತಮ್ಮಾ, ಗಾಡಿ ಹತ್ತೋದು ಟೈರಲ್ಲಿ, ನಿಲ್ಲೋದು ಬ್ರೇಕಲ್ಲಿ, ಉಳಿಯೋದು ನಿನ್ ತಲೇಲಿ’ ಎಂದು ನಮ್ಮ ಮೇಸ್ತ್ರಿ ಹೇಳುತ್ತಿರುತ್ತಾರೆ.

ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವುದು ಟೈರಿನ ಗಾಳಿ. ಮರಳಿನಲ್ಲಿ, ಕಲ್ಲಿನ ದಾರಿಯಲ್ಲಿ ಗಾಳಿ ಇಳಿಸಿದರೆ ಟೈರು ನೆಲಕ್ಕೆ ಅಗಲವಾಗಿ ಒರಗುತ್ತದೆ. ಡಾಂಬರಿನಲ್ಲಿ 32 ಪಿಎಸ್‌ಐ ಇರುವ ಟೈರನ್ನು ಮರಳಿನಲ್ಲಿ 18ರ ಆಸುಪಾಸಿಗೆ ತಂದರೆ, ಹೂತುಹೋಗುತ್ತಿದ್ದ ಗಾಡಿ ಹೊರಗೆ ಬರುತ್ತದೆ. ಆಗ ನಿಧಾನ ಹೋಗಬೇಕು, ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಬೇಕು. ಇದಕ್ಕೆ ಬೇಕಿರುವುದು ಒಂದು ಗಾಳಿ ಮಾಪಕ, ಒಂದು ಪುಟ್ಟ ಕಂಪ್ರೆಸರ್. ಜತೆಗೆ ಚಾಸಿಗೆ ಗಟ್ಟಿಯಾಗಿ ಕೂರಿಸಿದ ಎಳೆಯುವ ಕೊಕ್ಕೆ, ಒಳ್ಳೆಯ ಹಗ್ಗ, ಸಲಿಕೆ, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಇನ್ನು ಲಡಾಖ್ ದಾರಿ. ಬೇಸಿಗೆಯಲ್ಲಿ ಅಲ್ಲಿಗೆ ಸಾಮಾನ್ಯ ಬೈಕು, ಸಣ್ಣ ಕಾರುಗಳೂ ಹೋಗಿ ಬರುತ್ತವೆ ಎಂಬುದನ್ನು ಮರೆಯಬಾರದು.

ಈಗ ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದದ್ದು 2017ರಲ್ಲೇ. ದಾರಿಹೋಕರಿಗೆ ಗಾಡಿ ಬಡಿದಾಗ ಕಬ್ಬಿಣದ ಆ ಕಂಬಿ ಮಾಡುವ ಗಾಯ ನೆನೆದರೆ, ನಿಯಮ ಸರಿಯೆಂದೇ ಅನಿಸುತ್ತದೆ. ತಿಳಿಸದೆ ಮಾಡಿಸಿದ ಬದಲಾವಣೆ ವಿಮೆ ಕ್ಲೇಮಿಗೂ ತೊಡಕಾಗಬಹುದು.

ಹಾಗೆಂದು ‘ಬೇಡ’ ಎಂಬ ಒಂದೇ ಪದದಲ್ಲಿ ವಿಷಯ ಮುಗಿಸುವುದು ಸರಿಯೇ? ಕೆಲಸ ನಿಲ್ಲುವುದಿಲ್ಲ, ಕದ್ದುಮುಚ್ಚಿ ನಡೆಯುತ್ತದೆ. ಬೆಸುಗೆ ಹಾಕಿದವರ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಗಾಡಿಯ ಗರಿಷ್ಠ ತೂಕವನ್ನೇ ಕಾನೂನುಬದ್ಧವಾಗಿ ಹೆಚ್ಚಿಸಿಕೊಳ್ಳುವ ದಾರಿಯಿದೆ. ಪರೀಕ್ಷಿಸಿದ ಸ್ಪ್ರಿಂಗ್, ಬಿಡಿಭಾಗ ಹಾಕಿಸಿ, ಪ್ರಮಾಣಪತ್ರ ಪಡೆಯಬೇಕು. ಸಣ್ಣ ವಾಹನಗಳ ಮಾರ್ಪಾಡಿಗೆಂದೇ ರಾಷ್ಟ್ರೀಯ ಸಂಹಿತೆಯೂ ಇದೆ. 1975ರಲ್ಲಿ ಮೆಲ್ಬರ್ನ್‌ನಲ್ಲಿ ಶುರುವಾದ ಎಆರ್‌ಬಿ ಎಂಬ ಸಣ್ಣ ಉದ್ಯಮ ಇಂದು ಜಗತ್ತಿನಾದ್ಯಂತ ಆಫ್‌ರೋಡ್ ಬಿಡಿಭಾಗ ಮಾರುತ್ತಿದೆ. ಪುಟ್ಟ ದೇಶ ಐಸ್‌ಲ್ಯಾಂಡಿನ ಆರ್ಕ್ಟಿಕ್ ಟ್ರಕ್ಸ್ ಸಿದ್ಧಪಡಿಸಿದ ಪಿಕ್‌ಅಪ್‌ಗಳು ಅಂಟಾರ್ಕ್ಟಿಕಾದ ಹಿಮದ ಮೇಲೂ ಓಡಿವೆ. ನಮ್ಮಲ್ಲೂ ಇದು ಅಸಾಧ್ಯವೇನಲ್ಲ. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಮಾನದಂಡ ಈಗಾಗಲೇ ಇದೆ. ಸ್ಪ್ರಿಂಗ್, ಬಂಪರ್, ಕ್ಯಾರಿಯರ್‌ಗಳಿಗೂ ಅಂಥ ಪಟ್ಟಿ ಮಾಡಿ, ಪರೀಕ್ಷಿಸಿ, ಒಪ್ಪಿದ್ದನ್ನು ಆರ್‌ಸಿಯಲ್ಲಿ ನಮೂದಿಸುವ ಕ್ರಮ ಬರಲಿ.

ಉದ್ಯೋಗದ ಮಾತು ಬರುವುದು ಇಲ್ಲೇ. ಇವತ್ತು ಈ ಕೆಲಸ ಬಹುಪಾಲು ಕಣ್ಣಳತೆಯಲ್ಲಿ ನಡೆಯುತ್ತಿದೆ. 12 ವೋಲ್ಟ್‌ನ ಗಾಡಿಗೆ 100 ವಾಟ್‌ನ ದೀಪ ಹಾಕಿದರೆ ಎಂಟು ಆಂಪಿಯರ್‌ಗೂ ಹೆಚ್ಚು ಕರೆಂಟ್ ಹರಿಯುತ್ತದೆ, ಅದಕ್ಕೆ ತಕ್ಕ ದಪ್ಪದ ವೈರ್ ಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಬೇಕು. ಪಿಯುಸಿ ಭೌತಶಾಸ್ತ್ರದಲ್ಲಿ ನಾವೆಲ್ಲ ಬರೆದ ಲೆಕ್ಕವೇ ಇದು. ಅದನ್ನು ತಪ್ಪಿದರೆ ಗಾಡಿಗೆ ಬೆಂಕಿ ಬೀಳುತ್ತದೆ. ಚಾಸಿಯಲ್ಲಿ ಎಲ್ಲಿ ತೂತು ಕೊರೆಯಬಾರದು, ಎಲ್ಲಿ ಬೆಸುಗೆ ಹಾಕಬಾರದು, ಆಕ್ಸಲ್‌ಗೆ ಎಷ್ಟು ಭಾರ ಬೀಳುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಬಲ್ಲವರು ವಿರಳ. ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಓದುತ್ತಿರುವವರೇ, ಆ ವಿರಳರಲ್ಲಿ ನೀವೂ ಒಬ್ಬರಾಗಬಹುದು. ಅದಕ್ಕೆ ಸ್ವಂತ ಪಿಕ್‌ಅಪ್ ಬೇಕಿಲ್ಲ. ಆ್ಯಂಬುಲೆನ್ಸ್, ಅಗ್ನಿಶಾಮಕ ವಾಹನ, ಸಂಚಾರಿ ಕ್ಯಾಂಟೀನ್ ಕಟ್ಟುವಲ್ಲೂ ಬೇಕಾಗಿರುವುದು ಇದೇ ವಿದ್ಯೆ.

ಒಂದು ಎಚ್ಚರಿಕೆ. ಗಾಡಿ ಹೋಗಬಲ್ಲದು ಎಂದ ಮಾತ್ರಕ್ಕೆ ಹೋಗಬೇಕೆಂದಿಲ್ಲ. ಪಶ್ಚಿಮ ಘಟ್ಟದ ಹುಲ್ಲುಗಾವಲಿನಲ್ಲಿ ಚಕ್ರ ಕೊರೆದ ಗೀರು ಮುಂದಿನ ಮಳೆಗೆ ಹಳ್ಳವಾಗುತ್ತದೆ, ಮಣ್ಣು ಕೊಚ್ಚಿ ಹೋಗುತ್ತದೆ. ಇರುವ ದಾರಿಯಲ್ಲಿ ಹೋಗುವುದು, ಅನುಮತಿ ಇಲ್ಲದ ಕಾಡು, ತೋಟಕ್ಕೆ ನುಗ್ಗದಿರುವುದು ಈ ಹವ್ಯಾಸದ ಮೊದಲ ನಿಯಮವಾಗಬೇಕು.

ಸಾಲ ಮಾಡಿ ಪಿಕ್‌ಅಪ್ ಕೊಂಡು, ಮತ್ತಷ್ಟು ಸಾಲ ಮಾಡಿ ಅದನ್ನು ಸಿಂಗರಿಸಲು ಹೊರಟ ಗೆಳೆಯ ಗೆಳತಿಯರಲ್ಲಿ ನನ್ನದೊಂದು ಮನವಿ. ಮೊದಲ ಕಂತಿನ ಸಾಮಾನು ಕೊಳ್ಳುವ ಮುನ್ನ, ಜತೆಗೆ ಬರುವವರನ್ನೂ ಇರುವ ಸಾಮಾನನ್ನೂ ಏರಿಸಿಕೊಂಡು ಹತ್ತಿರದ ವೇಬ್ರಿಡ್ಜ್‌ಗೆ ಹೋಗಿ. ಮುಂದಿನ ಚಕ್ರದ ಭಾರ, ಹಿಂದಿನ ಚಕ್ರದ ಭಾರ, ಒಟ್ಟು ಭಾರ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಆ ಚೀಟಿ ಹಿಡಿದು ಗ್ಯಾರೇಜಿಗೆ ಬನ್ನಿ. ಏನು ಹಾಕಿಸಬೇಕು ಎಂಬುದಕ್ಕಿಂತ ಮೊದಲು ಏನು ಇಳಿಸಬೇಕು ಎಂದು ಕುಳಿತು ಮಾತಾಡೋಣ.